ಭಾವ ಎಡಕ್ಕೆ ನೋಡಿದ್ದು

ಟೊಪ್ಪಿಗೆಯ ವೈರು ಬಿಸಿಯಾಗಿ, ಭಾವನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಿಗೂ ಬೆಂಕಿ ಹತ್ತಬಹುದಿತ್ತು. ಸೆಲ್ಲು ಸೋರಿ ಹಣೆಯ ವಿಭೂತಿಯ ಮೇಲೆ ಇಳಿಯಬಹುದಿತ್ತು. ಬಿಚ್ಚಿಟ್ಟ ಕ್ಯಾಮೆರಾ ಮತ್ತೆ ಕೂಡದೇ ಹೋಗಬಹುದಿತ್ತು. ಕಣ್ಣಿಗೆ ಕಾಣದ ಬೆಳಕು ಎಂದು ಭಾವ ಹೇಳುತ್ತಿದ್ದದ್ದು ಕಣ್ಣಿಗೇ ಹೊಡೆದು ಪೊರೆ ಬರಬಹುದಿತ್ತು. ಸರಿಯಾದ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ನಮ್ಮ ಕಡೆ ಅದು ಹೋಗುವುದೇ ಸರಿಯಾದ ಹೊತ್ತಿಗೆ. ಅಕ್ಕನಿಗೆ ತಲೆಕೆಟ್ಟು ಎಲ್ಲವನ್ನೂ ಗಂಟು ಕಟ್ಟಿ ಗುಜರಿಯವನಿಗೆ ಹಾಕಬಹುದಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ಖುಷಿಯ ಭರದಲ್ಲಿ ಭಾವ ತಮ್ಮ ಕತ್ತನ್ನು ಜೋರಾಗಿ ತಿರುಗಿಸಿಬಿಡಬಹುದಿತ್ತು.

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಇಷ್ಟನ್ನೂ ಚಿಂತಿಸಿದೆ. ದಾರಿ ಇನ್ನೂ ಉದ್ದ ಇದ್ದಿದ್ದರೆ ಇನ್ನಷ್ಟು ಹೊಳೆಯುತ್ತಿತ್ತು. ಇಂಥ ನನ್ನನ್ನೇ ಯಾಕೆ ಕರೆಸಿದ್ದು ಎಂದು ಭಾವನನ್ನು ಫೋನಿನಲ್ಲಿ ಕೇಳಿದ್ದೆ. "ಮಾಸ್ತರ, ನೀನು ಬಂದು ಬಾಜೂಕ ಕುಂತ್ರ ಏನೇನು ಕೆಡ್ತೈತಿ ಅಂತ ಮೊದಲ ಗೊತ್ತಾಗ್ತೈತಿ. ಅಂಥಾ ಮಿಷನ್ನು ಇನ್ನಾ ಯಾರೂ ಕಂಡುಹಿಡಿದಿಲ್ಲ" ಅಂದಿದ್ದರು.

ನಮ್ಮ ಅಕ್ಕನ ಗಂಡನಾದ ಈ ಭಾವ, ಊರಿನಲ್ಲಿ ಭಾರಿ ಸೊಕ್ಕಿನ ಮನುಷ್ಯ ಎಂದು ಹೆಸರು ಮಾಡಿದವರು. ಬಜಾರಿನಲ್ಲಿ ಯಾರಾದರೂ ಹಿಂದಿನಿಂದ ಕೂಗಿದರೆ ತಲೆ ತಿರುಗಿಸುವುದಿಲ್ಲ. ಪಕ್ಕದಲ್ಲಿ ಕೂತವರು ಮಾತಾಡಿಸಿದರೆ ಎದುರಿನ ಗೋಡೆಗೆ ಉತ್ತರ ಹೇಳುತ್ತಾರೆ. ಮದುವೆಮನೆಗಳಲ್ಲಿ ಇದಕ್ಕೆ ಬೇಸರ ಪಟ್ಟುಕೊಂಡವರು ಎಷ್ಟೋ ಜನ. ನಿಜ ಸಂಗತಿ ಎಂದರೆ, ಅವರ ಕತ್ತು ತಿರುಗುವುದಿಲ್ಲ. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ಹರೆಯದಲ್ಲಿ ಸೊಂಟದಲ್ಲಿ ಶುರುವಾಗಿ ಮೆಲ್ಲಗೆ ಮೇಲೇರಿ ಕತ್ತಿಗೆ ಬಂದು ಕೂತಿತ್ತು. ಆ ಕಡೆ ಒಂದು ಬೆರಳಗಲ, ಈ ಕಡೆ ಒಂದು ಬೆರಳಗಲ, ಅಷ್ಟೇ ಆಟ ಉಳಿದಿತ್ತು. ಇದಕ್ಕಿಂತ ಹೆಚ್ಚು ತಿರುಗುವುದಿಲ್ಲ, ಬಲವಂತ ಮಾಡಿದರೆ ಮೂಳೆ ಮುರಿದೀತು ಎಂದು ದಾವಣಗೆರೆಯ ಡಾಕ್ಟರು ಎಚ್ಚರಿಸಿದ್ದರು.

ಊರವರಿಗೆ ಇದನ್ನೆಲ್ಲ ಬಿಡಿಸಿ ಹೇಳಬಾರದೇ ಎಂದರೆ ಭಾವ ಒಪ್ಪುತ್ತಿರಲಿಲ್ಲ. "ಪಾಪ ಅನ್ನಿಸ್ಕಳೋದಕ್ಕಿಂತ ಸೊಕ್ಕು ಅನ್ನಿಸ್ಕಳೋದು ಚೊಲೋ. ಸೊಕ್ಕಿನವಂಗ ಉದ್ರಿ ಕೇಳಂಗಿಲ್ಲ ಯಾರೂ."

ಅಕ್ಕ ಅವರಿಗೆ ಸ್ಕೂಟರ್ ಬಿಡಿಸಿದಾಗ ಅವರು ಜಗಳವಾಡಲಿಲ್ಲ. ಸ್ಕೂಟರಿನ ಎರಡೂ ಕನ್ನಡಿಗಳನ್ನು ಬಿಚ್ಚಿ ಒಯ್ದು ತಮ್ಮ ಬಟ್ಟೆ ಅಂಗಡಿಯಲ್ಲಿ ಗಾದಿಯ ಆಚೆಗೊಂದು ಈಚೆಗೊಂದು ಹಾಕಿಸಿದರು. ಗಿರಾಕಿಗಳು ಎಡಬಲದಲ್ಲಿ ಎಲ್ಲಿ ಕೂತರೂ ಕನ್ನಡಿಯಲ್ಲೇ ವ್ಯಾಪಾರ. ಒಮ್ಮೆ ಒಬ್ಬ ಅಜ್ಜಿ ಸೀರೆ ನೋಡಲು ಬಂದು, ಕನ್ನಡಿಯೊಳಗಿನ ಭಾವನೊಂದಿಗೇ ಚೌಕಾಸಿ ಮಾಡಿ, ಹೊರಡುವಾಗ ಕನ್ನಡಿಗೇ ಕೈಮುಗಿದು ಹೋದಳಂತೆ. ಭಾವನೂ ಕನ್ನಡಿಯಲ್ಲೇ ಕೈಮುಗಿದರಂತೆ.

ಇಂಥವರಿಗೆ ವಿಮಾನದ ಹುಚ್ಚು ಹತ್ತಿದ್ದು ಇಂಟರ್ನೆಟ್ ಸೆಂಟರಿನಲ್ಲಿ. ಆಗ ನಮ್ಮ ಕಡೆಯ ಊರುಗಳಿಗೆಲ್ಲ ಇಂಟರ್ನೆಟ್ ಬಂದು ಇನ್ನೂ ಹೊಸದು. ಕೂತಲ್ಲೇ ವಿಮಾನ ಓಡಿಸುವ ಆಟದ ಸಿ.ಡಿ. ಅವರಿಗೆ ಅಲ್ಲಿ ಸಿಕ್ಕಿತು. ಮನೆಗೆ ತಂದು ಕಂಪ್ಯೂಟರಿಗೆ ಹಾಕಿ, ಅಟ್ಲಾಸ್ ನೋಡಿ ಕೊಟ್ಟೂರು ಇರಬೇಕಾದ ಜಾಗ ಹುಡುಕಿದರು. ಪರದೆಯ ಮೇಲೆ ಬರೀ ಕಂದು ನೆಲ. ಅದನ್ನೇ ತೋರಿಸಿ "ನೋಡು, ನಮ್ಮಂಗಡಿ" ಅಂದರು. ನನಗೆ ನೆಲ ಬಿಟ್ಟು ಏನೂ ಕಾಣಲಿಲ್ಲ. "ಷಟರ್ ಹಾಕೈತಿ, ಅದಕ್ಕ" ಅಂದರು.

ವಿಮಾನವನ್ನು ಅವರು ಮೆಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಹಿಂದೆ ಮುಂದೆ ನೋಡದೆ ನೆಟ್ಟಗೆ ಓಡಿಸಬಹುದಾದ ಗಾಡಿ ಅದೊಂದೇ ಎಂದು ಅವರ ಎಣಿಕೆ. ಏರುವವರೆಗೆ ಆ ಎಣಿಕೆ ಸರಿಯಿತ್ತು. ಇಳಿಯುವಾಗ ತಪ್ಪಿತು. ಇಳಿಯುವ ಮುಂಚೆ ವಿಮಾನವು ರನ್‌ವೇಯನ್ನು ಎಡಗಡೆ ಇಟ್ಟುಕೊಂಡು ಒಂದು ಸುತ್ತು ಬರಬೇಕು. ಓಡಿಸುವವನು ಎಡಕ್ಕೆ ನೋಡುತ್ತ, ಸರಿಯಾದ ಜಾಗದಲ್ಲಿ ಹೊರಳಬೇಕು. ಭಾವ ಎದುರಿಗೆ ನೋಡುತ್ತ ಹೊರಳುತ್ತಿದ್ದರು. ಹೀಗಾಗಿ ರನ್‌ವೇ ಒಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಇಳಿದರು.

"ಎಡಕ್ಕೆ ನೋಡಾಕ ಗುಂಡಿ ಐತಲ್ರಿ ಭಾವ, ಒತ್ತಿದ್ರ ಕಾಣ್ತೈತಲ್ಲ" ಎಂದೆ.

"ಕಾಣ್ತೈತಿ. ಅದು ತೋರಸ್ತೈತಿ, ನಾನು ನೋಡಿದಂಗ ಆಗಂಗಿಲ್ಲ" ಎಂದರು. ಮತ್ತೊಂದು ಸುತ್ತಿಗೆ ವಿಮಾನ ಏರಿಸುತ್ತ, "ನಾನು ನೋಡಿ ಭಾಳ ವರ್ಷ ಆತು, ಮಾಸ್ತರ" ಎಂದರು.

ತಮಾಷೆಯ ದನಿಯಲ್ಲೇ ಹೇಳಿದ್ದು. ಆದರೆ ಆ ಮೇಲೆ ನನಗೆ ಆ ಆಟವನ್ನು ಆಟವೆಂದುಕೊಳ್ಳಲು ಆಗಲಿಲ್ಲ.

ತಲೆ ಹೊರಳಿದತ್ತ ಪರದೆಯೊಳಗಿನ ನೋಟವೂ ಹೊರಳುವ ಉಪಾಯ ಒಂದುಂಟು ಎಂದು ಅವರು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದರು. ಟೊಪ್ಪಿಗೆಗೆ ಮೂರು ಪುಟಾಣಿ ಬಲ್ಬು ಕಟ್ಟಬೇಕು. ಕಂಪ್ಯೂಟರಿನ ಮೇಲಿನ ಕ್ಯಾಮೆರಾ ಆ ಬಲ್ಬುಗಳನ್ನು ಹಿಂಬಾಲಿಸಿ ತಲೆ ಎತ್ತ ಹೋಯಿತೆಂದು ಲೆಕ್ಕ ಹಾಕುತ್ತದೆ. ಬಲ್ಬು ಸಾದಾ ಬಲ್ಬಲ್ಲ, ಟಿ.ವಿ. ರಿಮೋಟಿನ ಮೂತಿಯಲ್ಲಿರುತ್ತದಲ್ಲ, ಆ ಕಾಣದ ಬೆಳಕಿನದು. ಕೂಡ್ಲಿಗಿಯಿಂದ ಹಡಗಲಿಯವರೆಗೆ ನೆಂಟರ ಮನೆಗಳಿಗೆಲ್ಲ ಫೋನು ಹೋಯಿತು: "ಕೆಟ್ಟ ರಿಮೋಟ್ ಅದಾವೇನ್ರಿ?" ಕ್ಷೇಮಸಮಾಚಾರ ಕೇಳುವುದಕ್ಕೂ ಫೋನು ಮಾಡದ ಮನುಷ್ಯ ರಿಮೋಟು ಕೇಳುತ್ತಿದ್ದಾನೆಂದು ನೆಂಟರು ಗಾಬರಿಯಾಗಿ ಅಕ್ಕನಿಗೆ ಫೋನು ಮಾಡಿದರು. ನಾನು ಕೊಟ್ಟು ಬಂದ ರಿಮೋಟು ಕೆಟ್ಟದ್ದಲ್ಲ, ಓಡುತ್ತಿದ್ದದ್ದು ಎಂಬುದು ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಟೊಪ್ಪಿಗೆ ಗೊಬ್ಬರದ ಅಂಗಡಿಯವರು ಪುಕ್ಕಟೆ ಹಂಚಿದ್ದು. ಬಲ್ಬು ಕಟ್ಟಲು ಹಳೆಯ ಕೊಡೆಯ ಕಡ್ಡಿ. ಕ್ಯಾಮೆರಾವನ್ನು ಬಿಚ್ಚಿ, ಉಳಿದ ಬೆಳಕೆಲ್ಲ ಅದಕ್ಕೆ ಕಾಣದಂತೆ ಕಪ್ಪು ಫಿಲ್ಮಿನ ಚೂರೊಂದು ಅಂಟಿಸಬೇಕಿತ್ತು. ಅದಕ್ಕೆ ಭಾವ ಕತ್ತರಿ ಆಡಿಸಿದ್ದು ಮದುವೆ ಫೋಟೋದ ನೆಗೆಟಿವ್ ಮೇಲೆ.

"ನಮ್ಮ ಮದುವಿ ಫೋಟೋ ಕತ್ತರಿಸಿದ್ರೇನ್ರೀ?" ಎಂದಳು ಅಕ್ಕ.

"ತುದಿ ಅಷ್ಟ. ಬರೇ ಕಪ್ಪು. ಅದರಾಗ ನೀನೂ ಇಲ್ಲ, ನಾನೂ ಇಲ್ಲ."

"ಟೊಪ್ಪಿಗ್ಯಾಗಿನ ದೀಪರ ಎಲ್ಲಿ ಹತ್ಯಾವ?"

"ಹತ್ಯಾವ. ಕಣ್ಣಿಗೆ ಕಾಣಂಗಿಲ್ಲ."

"ನಿಮ್ಮ ಬುದ್ಧಿ ಇದ್ದಂಗ ಅನ್ರಿ."

ನಾನು ತಲುಪಿದ ಮಧ್ಯಾಹ್ನ ಅಂಗಡಿಗೆ ರಜೆ. ಬಿಸಿಲಿನಲ್ಲೂ ಆ ಕಾಣದ ಬೆಳಕು ಇರುತ್ತದೆಂದು ಕಿಟಕಿಗೆ ಕಂಬಳಿ ಹಾಕಿದ್ದರು. ಹೊಂದಿಸುವುದೇ ದೊಡ್ಡ ಕೆಲಸ. ಬೇರೆಯವರು ತಲೆಯನ್ನು ಸಾಕಷ್ಟು ಹೊರಳಿಸುತ್ತಾರೆ. ನಮ್ಮಲ್ಲಿ ಇದ್ದದ್ದು ಬೆರಳಗಲ. ಆ ಬೆರಳಗಲದಲ್ಲಿ ಹಿಂದಿನ ಬಾಲದವರೆಗೂ ಕಾಣುವಂತೆ ಭಾವ ಕಂಪ್ಯೂಟರಿಗೆ ಹೇಳಿದರು. ಪರಿಣಾಮವಾಗಿ ಅವರು ಉಸಿರೆಳೆದರೆ ಆಕಾಶ ಅಲುಗಾಡಿತು. ಕೆಮ್ಮಿದರೆ ವಿಮಾನದ ಬಾಲ ಕಂಡಿತು.

"ಭಾವ, ಉಸಿರು ಬಿಗಿ ಹಿಡೀಬ್ಯಾಡ್ರಿ, ತಲಿ ಸುತ್ತೀತು" ಎಂದೆ.

"ಉಸಿರು ಬಿಟ್ರ ಊರು ಸುತ್ತತೈತಲ್ಲೋ."

ಕಡೆಗೆ, ಸಣ್ಣ ಅಲುಗಾಟಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ ದಾರಿಯೂ ಸಿಕ್ಕಿತು. ಆಕಾಶ ನಿಂತಿತು. ಇನ್ನೇನು ಹಾರಬೇಕು, ಆಗ ಅಕ್ಕ ಆರತಿ ತಟ್ಟೆ ಹಿಡಿದು ಬಂದಳು. ಹೊಸ ಮಿಷನ್ನನ್ನು ಪೂಜೆ ಮಾಡದೆ ಮುಟ್ಟಿದ ಮನೆಯಲ್ಲ ನಮ್ಮದು. ಹೊಲಿಗೆ ಮಿಷನ್ನಿಗೂ ಮಿಕ್ಸಿಗೂ ಆದದ್ದು ಇದಕ್ಕೂ ಆಗಲೇಬೇಕು. ಕ್ಯಾಮೆರಾದ ಹಣೆಗೆ ವಿಭೂತಿ ಹಚ್ಚಿ, ಕರ್ಪೂರ ಹೊತ್ತಿಸಿ ಆರತಿ ಎತ್ತಿದಳು. ಉರಿಯಲ್ಲೂ ಅದೇ ಬೆಳಕು ಇರುತ್ತದೆಂದು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಕ್ಯಾಮೆರಾ ಭಾವನ ತಲೆಯನ್ನು ಬಿಟ್ಟು ಕರ್ಪೂರವನ್ನು ಹಿಂಬಾಲಿಸಿತು. ಆರತಿ ಸುತ್ತಿದಂತೆ ನೆಲ, ರೆಕ್ಕೆ, ಆಕಾಶ, ಮತ್ತೆ ನೆಲ. ಅಕ್ಕ ಬೆಚ್ಚಿ ತಟ್ಟೆ ನಿಲ್ಲಿಸಿದಳು, ಲೋಕವೂ ನಿಂತಿತು. ಮೆಲ್ಲಗೆ ಎಡಕ್ಕೆ ಒಯ್ದಳು, ರೆಕ್ಕೆ ಬಂತು. ಬಲಕ್ಕೆ ಒಯ್ದಳು, ಗುಡ್ಡ ಬಂತು. ಮುಖ ಅರಳಿತು.

"ಸಾಕು ತಾಯಿ, ನಂಗೂ ಒಂದೀಟು ನೋಡಾಕ ಕೊಡು" ಎಂದರು ಭಾವ.

"ತಡೀರಿ, ಕರ್ಪೂರ ಇನ್ನಾ ಐತಿ."

ಕರ್ಪೂರ ಮುಗಿದ ಮೇಲೆ ವಿಮಾನ ಭಾವನಿಗೆ ಸಿಕ್ಕಿತು. ಅವರು ಏರಿದರು. ನಾನು ಅವರ ಕತ್ತಿನ ನರವನ್ನೇ ನೋಡುತ್ತಿದ್ದೆ. ಹೊರಳಬೇಕಾದ ಜಾಗ ಬಂದಾಗ ಗದ್ದ ಒಂದು ಬೆರಳಗಲ ಎಡಕ್ಕೆ ಸರಿಯಿತು, ಅಷ್ಟೇ. ಪರದೆಯಲ್ಲಿ ಕಿಟಕಿ ಬಂತು, ರೆಕ್ಕೆ ಬಂತು, ರೆಕ್ಕೆಯ ಹಿಂದೆ ಕೆಳಗೆ ರನ್‌ವೇ ಬಂತು. ಭಾವ ಅದನ್ನು ನೋಡುತ್ತಲೇ ಹೊರಳಿದರು. ತುಸು ಕುಪ್ಪಳಿಸಿದರೂ, ರನ್‌ವೇಯ ಮೇಲೆಯೇ ಇಳಿದರು. ನಾನು ಏನೋ ಹೇಳಲು ಹೋದೆ. ಅವರಾಗಲೇ ಮತ್ತೆ ಏರಿಬಿಟ್ಟಿದ್ದರು. ಈ ಸಲ ಎಲ್ಲಿಗೂ ಹೋಗಲಿಲ್ಲ. ಸುಮ್ಮನೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದೆ ಬಾಲದಾಚೆ ಬಿಟ್ಟು ಬಂದ ನೆಲವನ್ನು ಬಹಳ ಹೊತ್ತು ನೋಡಿದರು.

ಕೂದಲು ಸುಡಲಿಲ್ಲ. ಸೆಲ್ಲು ಸೋರಲಿಲ್ಲ. ಕರೆಂಟು ಕೂಡ ಹೋಗಲಿಲ್ಲ. ಕೆಟ್ಟದ್ದು ಒಂದೇ, ಅದೂ ಸಣ್ಣದು.

ಅಡುಗೆಮನೆಯ ಬಾಗಿಲು ಅವರ ಎಡಕ್ಕೆ. ಅಲ್ಲಿಂದ ಅಕ್ಕ, "ಚಾ ತಗೋತೀರೇನ್ರೀ?" ಎಂದಳು. ಭಾವ ಅವಳತ್ತ ತಿರುಗಿದರು. ಗದ್ದ ಒಂದು ಬೆರಳಗಲ ಸರಿದು ನಿಂತಿತು. ಕಣ್ಣಲ್ಲಿ ನಗು ಇತ್ತು; ಬಾಗಿಲು, ಅಕ್ಕ, ಚಾ ಎಲ್ಲ ಈಗ ಪರದೆಯಲ್ಲಿ ರೆಕ್ಕೆ ಬಂದಂತೆ ತೇಲಿ ಬರುತ್ತವೆ ಎಂದು ಕಾದರು. ಬರಲಿಲ್ಲ. ಎದುರಿಗೆ ಇದ್ದದ್ದು ಕಂಪ್ಯೂಟರಿನ ಪಕ್ಕದ ಗೋಡೆಯ ಕ್ಯಾಲೆಂಡರು, ಅದೇ ಇತ್ತು.

ಅಕ್ಕನಿಗೆ ಅದು ಬಾಗಿಲಲ್ಲೇ ತಿಳಿಯಿತೆಂದು ತೋರುತ್ತದೆ. ಎರಡು ಕಪ್ಪು ಹಿಡಿದು, ಕುರ್ಚಿಯನ್ನು ಬಳಸಿ, ನನ್ನ ಕಾಲು ದಾಟಿ, ಅವರ ಕಣ್ಣು ನಿಂತಿದ್ದ ಕಡೆಗೆ ಬಂದು ನಿಂತಳು. ಅವಳ ಬೆನ್ನ ಹಿಂದೆ ವಿಮಾನ ತನ್ನಷ್ಟಕ್ಕೆ ಎತ್ತಲೋ ಹೋಗುತ್ತಿತ್ತು. "ಬಾಜೂಕ ಸರಿ, ಅಡ್ಡ ನಿಂತೀ" ಎಂದು ಭಾವ ಅನ್ನಲಿಲ್ಲ.