ಗಡಿಯಲ್ಲಿ ಒಡೆದ ಬೋರ್ಡು

ಗಾಡಿ ನಿಲ್ಲಿಸು ಎಂದು ಜನಾಬಾಯಿ ಹೇಳಿದಾಗ ನಾಗೇಶ ನಿಲ್ಲಿಸಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಶುಭಕಾರ್ಯಕ್ಕೆ ಹೊರಟವರು ಸೀಮೆ ದಾಟುವಾಗ ಕಾಯಿ ಒಡೆಯಲೇಬೇಕು ಎಂಬುದು ಅವನ ಈ ಸೋದರತ್ತೆಯ ಹಠ. ಬೀದರ ಕಡೆಯಿಂದ ಬರುವಾಗ ಮೊಗುಡಂಪಲ್ಲಿಯ ಹತ್ತಿರ ಸೀಮೆ ಎಂದರೆ ಈಗ ರಾಜ್ಯದ ಗಡಿಯೇ. ಅಲ್ಲಿ ಮೈಸೂರು ರಾಜ್ಯದ ಬೋರ್ಡು ಕಂಡದ್ದೇ ತಡ, ಅತ್ತೆ ಚೀಲದಿಂದ ತೆಂಗಿನಕಾಯಿ ತೆಗೆದಳು. ಹೊತ್ತಾಯಿತೆಂದು ನಾಗೇಶ ನಿಲ್ಲಿಸಲಿಲ್ಲ. ಅವಳು ಕುಳಿತಲ್ಲೇ ಎದುರಿನ ಹಲಗೆಗೆ ಕಾಯಿ ಕುಟ್ಟಿದಳು. ಕಾಯಿಗೆ ಏನೂ ಆಗಲಿಲ್ಲ. ಹಲಗೆ ಮಾತ್ರ ಉದ್ದಕ್ಕೂ ಸೀಳಿತು.

ನಾಗೇಶ ಆಗ ಗಕ್ಕನೆ ಬ್ರೇಕು ಒತ್ತಿದ. ಕಾರು ಜಹೀರಾಬಾದಿನ ಆತ್ಮಾರಾಮರದು. ಅವರ ಮಗಳು ಸುಲಭಾಳನ್ನು ಇವನಿಗೆ ಕೊಡುವ ಮಾತಾಗಿ, ಅಂದು ಸಂಜೆಯೇ ಮುಹೂರ್ತ ಇಡುವುದಿತ್ತು. ಹಿರಿಯಳಾದ ಅತ್ತೆಯನ್ನು ಕರೆತರಲು ಅವರೇ ಕಾರು ಕೊಟ್ಟಿದ್ದರು. ಅದು ಹಳೆಯ ವಿಲಾಯತಿ ಗಾಡಿ. ಅದರ ಕಟ್ಟಿಗೆಯ ಡ್ಯಾಶ್‌ಬೋರ್ಡನ್ನು ಅವರು ದಿನಾ ತಮ್ಮ ಧೋತರದ ಚುಂಗಿನಿಂದಲೇ ಒರೆಸುವವರು. ಗಾಡಿ ಜೋಪಾನ ಮಾಡದವನ ಕೈಗೆ ಮಗಳನ್ನು ಕೊಡುವುದಿಲ್ಲ ಎಂದು ಕೀಲಿ ಕೊಡುವಾಗ ನಗುತ್ತಲೇ ಹೇಳಿದ್ದರು. ಆ ನಗು ಈಗ ನಾಗೇಶನಿಗೆ ನಗುವಾಗಿ ಕಾಣಲಿಲ್ಲ.

ಜಹೀರಾಬಾದು ಸೇರಿದವನೇ ಕಾರನ್ನು ತನ್ನ ಮನೆಯ ಹಿತ್ತಲಲ್ಲಿ ಅಡಗಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ರೇವಪ್ಪ ಹಾಜರಾದ. ದಿನಕ್ಕೊಬ್ಬರಿಗಾದರೂ ಉಪಕಾರ ಮಾಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ ರೇವಪ್ಪಣ್ಣ," ಎಂದು ನಾಗೇಶ ಅವನ ಕಿವಿಯಲ್ಲಿ ಹೇಳಿದ. "ಗಡ್ಯಾಗ ಡ್ಯಾಶ್ ಬೋರ್ಡ್ ಒಡದದ."

ಆ ಕಡೆ ಗಾಡಿ ಗುದ್ದುವುದಕ್ಕೇ ಡ್ಯಾಶ್ ಎನ್ನುತ್ತಾರೆ. ರೇವಪ್ಪನಿಗೆ ಡ್ಯಾಶೂ ಕೇಳಿಸಿತು, ಬೋರ್ಡೂ ಕೇಳಿಸಿತು, ಗಡಿಯೂ ಕೇಳಿಸಿತು. ಉಳಿದದ್ದನ್ನು ತಾನೇ ಜೋಡಿಸಿಕೊಂಡ.

"ಯಾರರೆ ನೋಡ್ಯಾರೇನು?"

"ಅತ್ತಿ ಒಬ್ಬಾಕಿ."

"ಹಂಗಾದ್ರ ಅಂಜಬ್ಯಾಡ. ನಾ ಎಲ್ಲಾ ಬರೋಬರಿ ಮಾಡ್ತೀನಿ."

ಬಡಿಗೇರ ಪಾಂಡಪ್ಪನನ್ನು ಕಳಿಸುತ್ತಾನೆಂದು ನಾಗೇಶ ದಾರಿ ಕಾದ. ಯಾರೂ ಬರಲಿಲ್ಲ. ಕೊನೆಗೆ ತಾನೇ ಓಡಿಹೋಗಿ ಕರೆತಂದ. ಪಾಂಡಪ್ಪ ಬಿರುಕಿಗೆ ಅಂಟು ತುಂಬಿ, ಬಿಗಿದು, ಒಣಗಲಿ ಎಂದು ಬೀಡಿ ಹಚ್ಚಿದ. ಸಂಜೆಯೊಳಗೆ ಒಣಗೀತೇ ಎಂದು ನಾಗೇಶ ಕೇಳಿದಷ್ಟು ಸಲವೂ ಅವನು ಬಿಸಿಲಿನ ಕಡೆ ಕೈ ತೋರಿಸಿದ.

ರೇವಪ್ಪ ಹೊರಡುವ ಮುಂಚೆ ಹೆಂಡತಿ ಶಂಕರಮ್ಮನಿಗೆ ಮಾತ್ರ, ಅದೂ ಆಣೆ ಹಾಕಿಸಿ, ಸುದ್ದಿ ಹೇಳಿದ್ದ. ಅಂಟು ಒಣಗುವ ಮೊದಲೇ ಅರ್ಧ ಓಣಿ ಹಿತ್ತಲಿಗೆ ಬಂತು. ಸರ್ಕಾರದ ಬೋರ್ಡು ಮುರಿದರೆ ಎಷ್ಟು ದಿನ ಒಳಗಿಡುತ್ತಾರೆಂದು ಗಂಡಸರು ಚರ್ಚೆಗೆ ಕುಳಿತರು. ಲಚ್ಚಮ್ಮ ಒಳಪೆಟ್ಟಿಗೆಂದು ಅರಿಶಿಣ ಅರೆದು ತಂದಳು. ಡ್ಯಾಶ್ ಅಲ್ಲ, ಡ್ಯಾಶ್‌ಬೋರ್ಡು ಎಂದು ನಾಗೇಶ ಗಂಟಲು ಹರಿದುಕೊಂಡ. ನಾವು ಕೇಳಿದ್ದೂ ಅದನ್ನೇ ಎಂದು ಎಲ್ಲರೂ ಮರುಕದಿಂದ ತಲೆಯಾಡಿಸಿದರು.

ದೀಪ ಹಚ್ಚುವ ಹೊತ್ತಿಗೆ ಪಾಂಡಪ್ಪ ಹೊಳಪೂ ಕೊಟ್ಟು ಮುಗಿಸಿದ. ನಾಗೇಶ ಅತ್ತೆಯನ್ನು ಕೂಡಿಸಿಕೊಂಡು ದೇವರನ್ನು ನೆನೆಯುತ್ತ ಮಾವನ ಮನೆಗೆ ಹೋದ. ಆತ್ಮಾರಾಮರು ಕಂದೀಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಸರ್ಕಾರದ ಬೋರ್ಡಿಗಿ ಡ್ಯಾಶ್ ಹೊಡದೀರಂತಲ್ರಿ?"

"ಇಲ್ರಿ ಮಾವಾರ. ಬೋರ್ಡ್ ಅಲ್ಲೇ ನಿಂತದ. ಬೇಕಾದ್ರ ಮುಂಜಾನಿ ಹೋಗಿ ನೋಡೂಣು."

ಅವರು ಕಾರಿನ ಮುಂಭಾಗವನ್ನೆಲ್ಲ ಸವರಿದರು. ಒಂದು ಗೀರೂ ಸಿಗಲಿಲ್ಲ. ಅವರ ಮುಖ ಸಡಿಲಾಯಿತು. ಊರ ಮಂದಿಯ ಬಾಯಿಗೆ ಬೀಗ ಇಲ್ಲ ಎಂದು ಬೈಯುತ್ತ ಭಾವೀ ಅಳಿಯನನ್ನು ಒಳಗೆ ಕರೆದರು. ಸಕ್ಕರೆಯ ತಟ್ಟೆ ಬಂತು. ಪುರೋಹಿತರು ಪಂಚಾಂಗ ಬಿಚ್ಚಿದರು. ಬಾಗಿಲ ಹಿಂದೆ ಸುಲಭಾಳ ಬಳೆ ಸದ್ದಾಯಿತು, ನಾಗೇಶ ಮುಂಜಾನೆಯಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ.

ಹೊರಗೆ ಲಾರಿ ನಿಂತಿತು. ಮೈಯೆಲ್ಲ ಧೂಳಾದ ರೇವಪ್ಪ ಕೆಳಗೆ ಜಿಗಿದ. ಇಬ್ಬರು ಹಮಾಲರು ಜೋಳದ ಚೀಲಗಳ ಅಡಿಯಿಂದ ಆಳೆತ್ತರದ ಬೋರ್ಡೊಂದನ್ನು ಇಳಿಸಿ ಅಂಗಳದ ಗೋಡೆಗೆ ಆನಿಸಿದರು.

"ಸಾಕ್ಷಿನೇ ಇಲ್ದಂಗ ಮಾಡೀನಿ ನಾಗೇಶ," ಎಂದ ರೇವಪ್ಪ, ಬೆವರು ಒರೆಸಿಕೊಳ್ಳುತ್ತ. "ನೀ ಹೊಡದಿದ್ದಕ್ಕ ಬರೇ ವಾಲಿತ್ತು. ಬುಡಮಟ ಕಿತ್ತು ತಂದೀನಿ."

ಆತ್ಮಾರಾಮರು ಕಂದೀಲು ಎತ್ತಿ ಓದಿದರು. ಮೈಸೂರು ರಾಜ್ಯಕ್ಕೆ ಸ್ವಾಗತ.

"ಬೋರ್ಡ್ ನಿಂತದ ಅಂದ್ರಿ," ಎಂದರು ತಣ್ಣಗೆ. "ಹೌದ್ರಿ, ನಿಂತದ. ನಮ್ಮ ಅಂಗಳದಾಗ."

ಪುರೋಹಿತರು ಪಂಚಾಂಗ ಮುಚ್ಚಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ನಾಗೇಶ ನಡೆದದ್ದನ್ನೆಲ್ಲ ಒದರಿಬಿಟ್ಟ. ಅತ್ತೆಯ ಕಡೆ ನೋಡಿದ. ಹೊಸ ಬೀಗರ ಮುಂದೆ ಮಾನ ಹೋದೀತೆಂದು ಹೆದರಿದ ಜನಾಬಾಯಿ, ತಾನು ದಾರಿಯುದ್ದಕ್ಕೂ ನಿದ್ದೆಯಲ್ಲಿದ್ದೆ ಎಂದಳು. ನಾಗೇಶ ಮಾವನ ಕೈ ಹಿಡಿದು ಕಾರಿನ ತನಕ ಎಳೆದೊಯ್ದು ಬಾಗಿಲು ತೆಗೆದ.

"ಒಡದಿದ್ದು ಇದರಿ ಮಾವಾರ, ಈ ಬೋರ್ಡ್. ನೀವೇ ನೋಡ್ರಿ."

ಆತ್ಮಾರಾಮರು ಕಂದೀಲು ಒಳಗಿಟ್ಟು ಬಗ್ಗಿದರು. ಹಲಗೆ ಕನ್ನಡಿಯಂತೆ ಹೊಳೆಯಿತು.

"ಎಲ್ಲಿ ಒಡದದ್ರಿ?"

ನಾಗೇಶ ಹಲಗೆಯ ಮೇಲೆ ಬೆರಳಾಡಿಸಿದ, ಉಗುರಿನಿಂದ ಕೆರೆದ, ಮೂಗು ತಾಗುವಷ್ಟು ಬಗ್ಗಿ ಹುಡುಕಿದ. ಪಾಂಡಪ್ಪ ಒಂದು ಗೆರೆಯನ್ನೂ ಉಳಿಸಿರಲಿಲ್ಲ.