ಖಾಲಿ ಕ್ಯಾರವಾನಿನ ಭಾರ

ದುಬೈಯ ಸತ್ವಾದಲ್ಲಿ ಟೈರು ಬಿಚ್ಚಿ ಕಟ್ಟುವ ಕೆಲಸಕ್ಕೆ ಸೇರಿ ನನಗೆ ಇಪ್ಪತ್ತೆರಡು ವರ್ಷವಾಯಿತು. ಟೈರು ಸುಳ್ಳು ಹೇಳುವುದಿಲ್ಲ. ಟೈರು ತಂದವರೂ ಸುಳ್ಳು ಹೇಳುವುದಿಲ್ಲ, ನಿಜವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ ಅಷ್ಟೆ. ಉಳಿದರ್ಧ ಹುಡುಕುವುದು ನನ್ನ ಕೆಲಸವಾದ್ದರಿಂದ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಆದರೆ ಒಂದೇ ಗಾಡಿ ಒಂದೇ ಚಳಿಗಾಲದಲ್ಲಿ ಮೂರು ಸಲ ನನ್ನ ಮಾನ ತೆಗೆದದ್ದು ಇದೊಂದೇ.

ಮುಖ ನೋಡಬೇಡಿ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಉಡುಪಿ ಕಡೆಯವರೊಬ್ಬರು ಕ್ಯಾರವಾನ್ ಕೊಂಡಿದ್ದರು. ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಅಡಿಗೆಕಟ್ಟೆ, ಬಚ್ಚಲು. ಕೆಳಗೆ ಮುಂದೆರಡು ಹಿಂದೆರಡು, ಒಟ್ಟು ನಾಲ್ಕು ಚಕ್ರ. ಪ್ರತಿ ಶುಕ್ರವಾರ ಮಧ್ಯಾಹ್ನ ಹೆಂಡತಿ ಮಗಳನ್ನು ಕೂರಿಸಿಕೊಂಡು ಕಡಲ ತೀರಕ್ಕೋ ಮರುಭೂಮಿಗೋ ಹೊರಟುಬಿಡುತ್ತಿದ್ದರು. ಅಬುಧಾಬಿಯ ಗ್ಯಾರೇಜುಗಳನ್ನೆಲ್ಲ ದಾಟಿ ನನ್ನಲ್ಲಿಗೇ ಬಂದದ್ದಕ್ಕೆ ಕಾರಣ, ತುಳುವಿನಲ್ಲಿ ಮಾತಾಡಬಹುದು ಎನ್ನುವುದು.

ಹಿಂದಿನ ಬಲಗಡೆಯ ಟೈರು ಒಳಅಂಚಿನಲ್ಲಿ ಪೂರ್ತಿ ಬೋಳಾಗಿತ್ತು. ಹೊರಅಂಚು ಹೊಸದರ ಹಾಗೇ ಇತ್ತು.

"ಗಾಳಿ ನೋಡ್ತೀರಾ?" ಎಂದು ಕೇಳಿದೆ.

"ದಿನಾ ನೋಡ್ತೇನೆ ಮಾರಾಯ್ರೆ," ಎನ್ನುತ್ತ ಅವರು ಟೈರಿಗೆ ಕಾಲಿನಿಂದ ಎರಡು ಒದೆ ಕೊಟ್ಟು ತೋರಿಸಿದರು. ಮೀಟರ್ ಇಟ್ಟು ನೋಡಿದರೆ ಇರಬೇಕಾದ ಗಾಳಿಯಲ್ಲಿ ಮುಕ್ಕಾಲೂ ಇರಲಿಲ್ಲ. ಸಿಕ್ಕಿದ ಕಳ್ಳ ಎಂದುಕೊಂಡೆ. ಹೊಸ ಟೈರು ಹಾಕಿ, ನಾಲ್ಕಕ್ಕೂ ಸರಿಯಾಗಿ ಗಾಳಿ ತುಂಬಿಸಿ, "ಇನ್ನು ಒಂದು ವರ್ಷ ನನ್ನ ಮುಖ ನೋಡುವ ಅಗತ್ಯ ಇಲ್ಲ" ಎಂದು ಎದೆ ತಟ್ಟಿ ಹೇಳಿದೆ.

ಏಳನೇ ವಾರಕ್ಕೆ ಅವರು ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು.

ಟೈಲರ್ ತೀರ್ಪು

ಈ ಸಲ ಸವೆದದ್ದು ಮುಂದಿನ ಎಡಗಡೆಯ ಟೈರು. ಹೋದ ಸಲದ ಮೂಲೆಗೆ ಸರಿಯಾಗಿ ಎದುರು ಮೂಲೆ! ಹಿಂದಿನ ಬಲಗಡೆಯದು ಆರಾಮಾಗಿತ್ತು. ಗಾಳಿಯೂ ಸರಿಯಾಗಿತ್ತು, ಪಾಪ, ಅವರು ಮೀಟರನ್ನೇ ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದರು.

ಒಂದೋ ಆಕ್ಸಲ್ ಬಾಗಿರಬೇಕು, ಇಲ್ಲ ಬೇರಿಂಗ್ ಸಡಿಲವಾಗಿರಬೇಕು. ನನಗೆ ಹಠ ಹತ್ತಿತು. ಬೇರಿಂಗ್ ಬಿಚ್ಚಿ ನೋಡಿದೆ, ಗಟ್ಟಿಯಾಗಿತ್ತು. ಚಕ್ರ ನೇರವಿದೆಯೇ ಎಂದು ನೋಡುವ ನಮ್ಮ ಅಲೈನ್‌ಮೆಂಟ್ ಯಂತ್ರಕ್ಕೆ ಈ ಗಾಡಿ ಹತ್ತುವುದಿಲ್ಲ. ಹಾಗಾಗಿ ಓಣಿಯಲ್ಲೇ ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ಚಕ್ರದಿಂದ ದಾರಕ್ಕೆ ಎಷ್ಟು ದೂರ ಎಂದು ಅಳೆಯತೊಡಗಿದೆ. ಓಣಿ ಬಂದಾಗಿ ಎರಡೂ ಕಡೆ ಹಾರ್ನ್ ಶುರುವಾಯಿತು.

ಪಕ್ಕದ ಅಂಗಡಿಯ ಪಾಕಿಸ್ತಾನಿ ಟೈಲರ್ ಹೊರಗೆ ಬಂದು ನೋಡಿದ. "ಅದೆಂಥ ಅಳತೆ? ಆಚೆ ಸರಿ" ಎಂದು ತನ್ನ ಟೇಪು ಹಿಡಿದು ಕುಕ್ಕರಗಾಲಿನಲ್ಲಿ ಕುಳಿತ. ನಾಲ್ಕು ಚಕ್ರವನ್ನೂ ಅಳೆದು ಕಿವಿಯ ಮೇಲಿನ ಚಾಕಿನಿಂದ ನೆಲದ ಮೇಲೆ ಬರೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಎದ್ದು ಮಂಡಿ ಕೊಡವಿಕೊಂಡು ಹಿಂದಿಯಲ್ಲಿ ತೀರ್ಪು ಕೊಟ್ಟ: "ಹೊಲಿಗೆಯಲ್ಲಿ ತಪ್ಪಿಲ್ಲ ಭಾಯ್. ತೊಡುವವನೇ ಸೊಟ್ಟಗಿದ್ದಾನೆ."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ, ಇಡೀ ಸತ್ವಾದಲ್ಲಿ ಅವತ್ತು ಸರಿಯಾಗಿ ರೋಗ ಕಂಡುಹಿಡಿದವನು ಅವನೊಬ್ಬನೇ.

ಗೇಟಿನ ಹತ್ತಿರದ ಜಾಗ

ಮೂರನೇ ಸಲ ಹಿಂದಿನ ಎಡಗಡೆ. ನಮ್ಮ ಮಾಲೀಕರು ಸುರತ್ಕಲ್ ಕಡೆಯ ಬ್ಯಾರಿ ಸಾಹೇಬರು. ಸಿಟ್ಟು ಬಂದಷ್ಟೂ ಮೆತ್ತಗೆ ಮಾತಾಡುವ ಜನ. ಅವತ್ತು ತುಂಬ ಮೆತ್ತಗೆ ಮಾತಾಡಿದರು.

"ಇದು ಮೂರನೇ ಸಲ ಅಲ್ವಾ ಮಾರಾಯ? ಶಾರ್ಜಾದಲ್ಲಿ ಒಬ್ಬ ಒಳ್ಳೆ ಮೆಕ್ಯಾನಿಕ್ ಇದ್ದಾನೆ. ಅಲೈನ್‌ಮೆಂಟ್ ಅವನು ನೋಡ್ಲಿ. ನಿನಗೆ ಗೇಟಿನ ಹತ್ತಿರ ಪಂಕ್ಚರ್ ಕೆಲಸ ಉಂಟು."

ಗ್ಯಾರೇಜಿನ ಆ ಒಳಮೂಲೆಯಲ್ಲಿ ಅಲೈನ್‌ಮೆಂಟ್ ಯಂತ್ರದ ಪಕ್ಕ ಹದಿನಾಲ್ಕು ವರ್ಷ ನಿಂತಿದ್ದೇನೆ. ಅದು ನನ್ನ ಜಾಗ. "ಸಾಹೇಬ್ರೆ, ಇದೊಂದು ಗಾಡಿಯನ್ನು ನನಗೆ ಬಿಡಿ. ಕಾರಣ ಸಿಗದಿದ್ದರೆ ನಾನೇ ಗೇಟಿಗೆ ಹೋಗ್ತೇನೆ" ಎಂದೆ.

ಒಳಗೆ ಏನಾದರೂ ಭಾರ ಇರಬಹುದೇ ಎಂದು ಕ್ಯಾರವಾನಿನ ಹಿಂಬಾಗಿಲು ತೆಗೆದು ಹತ್ತಿದೆ. ಒಂದು ಚಮಚವೂ ಇರಲಿಲ್ಲ. ನೆಲ ಫಳಫಳ ಹೊಳೆಯುತ್ತಿತ್ತು, ಊದುಬತ್ತಿಯ ಪರಿಮಳ ಬೇರೆ. "ಪ್ರವಾಸಕ್ಕೆ ಏನೇನು ಒಯ್ತೀರಿ?" ಎಂದು ಕೇಳಿದರೆ ಕ್ಯಾಮೆರಾ ಅಂಗಡಿಯವರು, "ಎಂತ ಇಲ್ಲ ಮಾರಾಯ್ರೆ, ನಾಲ್ಕು ಪಾತ್ರೆ, ನಾಲ್ಕು ಬಟ್ಟೆ" ಎಂದರು.

ಅಷ್ಟರಲ್ಲಿ ಹೊರಗಿನಿಂದ ಮಾಲೀಕರ ಮೆತ್ತಗಿನ ದನಿ ಕೇಳಿಸಿತು. "ಗಾಡಿ ಒಂದು ಕಡೆ ವಾಲಿದ್ದು ಈಗ ಕಾಣ್ತದೆ. ನೀನು ಇಳಿ, ಸರಿಯಾಗ್ತದೆ."

ನಾನು ನೂರ ಹತ್ತು ಕಿಲೋ ಇದ್ದೇನೆ ಎನ್ನುವುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ರೌಂಡ್‌ಅಬೌಟಿನ ಪ್ರಶ್ನೆ

ಗಾಡಿ ಗ್ಯಾರೇಜಿನಲ್ಲಿ ಬಾಯಿ ಬಿಡದಿದ್ದರೆ ದಾರಿಯಲ್ಲಾದರೂ ಬಿಡಲೇಬೇಕಲ್ಲ? ಮುಂದಿನ ಶುಕ್ರವಾರ ರಜೆ ಹಾಕಿ, ಗ್ಯಾರೇಜಿನ ಪಿಕಪ್ ಕೇಳಿ ಪಡೆದು, ಲಿವಾ ಮರಳುಗಾಡಿನ ದಾರಿಯ ಪೆಟ್ರೋಲ್ ಬಂಕಿನಲ್ಲಿ ಅವರಿಗಾಗಿ ಕಾದೆ.

ಕ್ಯಾರವಾನ್ ಬಂತು. ಬಂದದ್ದೇ ಎಡಕ್ಕೆ ಸೊಂಟ ಮುರಿದುಕೊಂಡು! ಹಿಂದಿನ ಬಲಗಡೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನನ್ನ ನಾಲ್ಕು ಬೆರಳು ಹೋದವು, ಎಡಗಡೆ ಒಂದೂ ಸರಿಯಾಗಿ ಹೋಗಲಿಲ್ಲ. "ಬಾಗಿಲು ತೆಗೀರಿ" ಎಂದೆ. "ಅಲ್ಲಿಗೆ ಹೋಗಿ ಚಾ ಕುಡೀತಾ ನೋಡುವ ಅಣ್ಣ" ಎಂದರು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು. ಸರಿ, ಹಿಂದೆಯೇ ಹೋದೆ.

ಮರಳುಗಾಡಿನಲ್ಲಿ ಅವರು ಯಾವಾಗಲೂ ನಿಲ್ಲಿಸುವ ಜಾಗದಲ್ಲಿ ಬೇರೆ ಯಾರದೋ ಟೆಂಟ್ ಇತ್ತು. ಹಾಗಾಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕಿದ್ದ ಗಾಡಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿತು. ಅಕ್ಕನ ಮುಖ ಸಣ್ಣದಾಯಿತು. ಮಗಳು ಮೊಬೈಲಿನಲ್ಲಿ ದಿಕ್ಸೂಚಿ ತೆಗೆದು, "ಸೌತ್-ವೆಸ್ಟ್ ಈಸ್ ಇನ್ ದ ಫ್ರಂಟ್ ನೌ, ಅಮ್ಮಾ" ಎಂದಳು. ಅಂಗಡಿಯವರು ಒಂದು ನಿಟ್ಟುಸಿರು ಬಿಟ್ಟು ತೋಳು ಮಡಚಿದರು.

ಆಮೇಲೆ ಹಿಂದಿನ ಎಡಮೂಲೆಯಿಂದ ಒಂದೊಂದಾಗಿ ಎದ್ದು ಮುಂದಿನ ಬಲಮೂಲೆಗೆ ಮೆರವಣಿಗೆ ಹೊರಟಿತು. ಊರಿನಿಂದ ತರಿಸಿದ ಕಡೆಯುವ ಕಲ್ಲು. ಕುಚ್ಚಲಕ್ಕಿಯ ಎರಡು ಮೂಟೆ. ಟೆಂಟಿನ ಕಬ್ಬಿಣದ ಗೂಟಗಳ ಪೆಟ್ಟಿಗೆ. ಅಂಗಡಿಯವರು ಕೊಂಡು ಒಂದು ದಿನವೂ ಎತ್ತದ ಡಂಬೆಲ್‌ಗಳು.

"ಅಕ್ಕಾ, ಇದೆಂತ?"

"ಭಾರ ಎಲ್ಲ ನೈಋತ್ಯದಲ್ಲೇ ಇರಬೇಕಲ್ವಾ ಅಣ್ಣ? ಮನೆ ಅಂದ ಮೇಲೆ ವಾಸ್ತು ಬೇಡ್ವಾ? ಅಲ್ಲಿ ಗಾಡಿ ಹೇಗೆ ನಿಲ್ತದೆ ಅಂತ ನೋಡಿ ಮನೆಯಿಂದಲೇ ಆ ಮೂಲೆಗೆ ತುಂಬಿಸಿ ತರ್ತೇನೆ. ಇಲ್ಲಿ ಬಂದು ಮತ್ತೆ ಎತ್ತುವುದು ಯಾರು?"

ನನ್ನ ತಲೆಯಲ್ಲಿ ಮೂರು ಟೈರುಗಳು ಒಟ್ಟಿಗೆ ಉರುಳಿದವು. ಅವರೇ ಹೇಳಿದ್ದ ಹಾಗೆ, ಮೊದಲು ಫುಜೈರಾದಲ್ಲಿ ಸಮುದ್ರಕ್ಕೆ ಮುಖ ಮಾಡಿ ಪೂರ್ವಕ್ಕೆ ನಿಲ್ಲಿಸುತ್ತಿದ್ದರು, ಸವೆದದ್ದು ಹಿಂದಿನ ಬಲ. ಆಮೇಲೆ ಅಬುಧಾಬಿ ಕಡೆಯ ತೀರದಲ್ಲಿ ಪಶ್ಚಿಮಕ್ಕೆ, ಸವೆದದ್ದು ಮುಂದಿನ ಎಡ. ಆಮೇಲೆ ಈ ಮರಳುಗಾಡಿನಲ್ಲಿ ಉತ್ತರಕ್ಕೆ, ಸವೆದದ್ದು ಹಿಂದಿನ ಎಡ.

"ಮತ್ತೆ ಗ್ಯಾರೇಜಿಗೆ ಬರುವಾಗ ಇದೆಲ್ಲ ಎಲ್ಲಿ ಹೋಗ್ತದೆ?"

"ಖಾಲಿ ಮಾಡಿ ಒರೆಸಿ ಕಳಿಸ್ತೇನೆ. ನಾಲ್ಕು ಜನ ಒಳಗೆ ಬಂದು ನೋಡುವಾಗ ಅಡಿಗೆಮನೆ ಹರಡಿಕೊಂಡಿದ್ರೆ ಎಂತ ಅಂದ್ಕೊಳ್ಳಿಕ್ಕಿಲ್ಲ?"

ಭಾರವನ್ನೆಲ್ಲ ನಡುವೆ, ಚಕ್ರಗಳ ಮೇಲೆ ಸರಿಯಾಗಿ ಇಡಿ ಎಂದೆ. "ನಡುವೆ ಬ್ರಹ್ಮಸ್ಥಾನ. ಅಲ್ಲಿ ಕಲ್ಲು ಇಡುವುದಾ?" ಎಂದು ಅವರು ಕೆನ್ನೆ ತಟ್ಟಿಕೊಂಡರು. ನಾನು ಬಿಡುವವನಲ್ಲ. ನನ್ನ ಜಾಗದ ಪ್ರಶ್ನೆ.

"ಅಕ್ಕಾ, ಬರುವಾಗ ಒಂದು ರೌಂಡ್‌ಅಬೌಟ್ ಸುತ್ತಿದ್ರಲ್ಲ, ಆಗ ನಿಮ್ಮ ನೈಋತ್ಯ ಎಲ್ಲಿತ್ತು?"

ಮಗಳು ಮೊಬೈಲ್ ಹಿಡಿದು ಒಂದು ಸುತ್ತು ತಿರುಗಿ ನೋಡಿ ಕಿಸಕ್ಕನೆ ನಕ್ಕಳು. ಕೊನೆಗೆ ರಾಜಿಯಾಯಿತು: ಓಡುವಾಗ ಅದು ಗಾಡಿ, ಬ್ರೇಕ್ ಹಾಕಿದ ಮೇಲೆ ಮನೆ. ಓಡುವಾಗ ಭಾರ ನಡುವೆ, ನಿಂತ ಮೇಲೆ ನೈಋತ್ಯಕ್ಕೆ.

ಅಂಗಡಿಯವರು ಕಡೆಯುವ ಕಲ್ಲಿನ ಮೇಲೆ ಕುಳಿತು ಬೆವರು ಒರೆಸಿಕೊಂಡರು. "ಟೈರು ಉಳಿಯಿತು ಮಾರಾಯ್ರೆ. ಇನ್ನು ಸವೆಯುವುದು ನನ್ನ ಸೊಂಟ."

ಆ ಮೂಲೆ

ಎರಡು ತಿಂಗಳು ಕಳೆದು ಮೂವರೂ ಗ್ಯಾರೇಜಿಗೆ ಬಂದರು. ಮಾಲೀಕರ ಎದುರೇ ನಾಲ್ಕೂ ಟೈರು ಅಳೆದೆ. ನಾಲ್ಕೂ ಒಂದೇ ಸಮ! ನನಗೆ ಕುಣಿಯುವಷ್ಟು ಖುಷಿಯಾಯಿತು.

ಮಾಲೀಕರು ಮಾತ್ರ ತಲೆ ಕೆರೆದುಕೊಂಡರು. "ನೀನು ಗೆದ್ದೆ, ಒಪ್ಪಿದೆ. ಆದ್ರೆ ಶಾರ್ಜಾದವನಿಗೆ ಮಾತು ಕೊಟ್ಟಾಗಿದೆ ಮಾರಾಯ. ಸೋಮವಾರ ಬರ್ತಾನೆ. ಸ್ವಲ್ಪ ದಿನ ನೀನು ಗೇಟಿನಲ್ಲೇ ಇರು."

ಗೆದ್ದೂ ಗೇಟಿಗೇ! ಅಷ್ಟರಲ್ಲಿ ಅಕ್ಕ ಮಗಳ ಮೊಬೈಲ್ ಇಸಿದುಕೊಂಡು ಗ್ಯಾರೇಜಿನೊಳಗೆ ಒಂದು ಸುತ್ತು ಬಂದು, ಅಲೈನ್‌ಮೆಂಟ್ ಯಂತ್ರದ ಹತ್ತಿರ ನಿಂತರು.

"ಸಾಹೇಬ್ರೆ, ನಿಮ್ಮ ನೈಋತ್ಯ ಇದು. ಇಲ್ಲಿ ಒಂದು ಭಾರದ ವಸ್ತು ಕದಲದೆ ಇರಬೇಕು. ಅದನ್ನು ತೆಗೆದು ಗೇಟಿನ ಹತ್ತಿರ ಇಟ್ರೆ ವ್ಯಾಪಾರ ಎಲ್ಲ ಹೊರಗೇ ಹೋಗ್ತದೆ."

ಮಾಲೀಕರಿಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಆದರೆ ಅವರು ಆ ಮೂಲೆಯನ್ನು ನೋಡಿದರು, ಯಂತ್ರವನ್ನು ನೋಡಿದರು, ನಿಧಾನವಾಗಿ ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿದರು. ಆಮೇಲೆ ಫೋನ್ ಎತ್ತಿ ಶಾರ್ಜಾಕ್ಕೆ ಕರೆ ಮಾಡಿದರು.

"ಯಲ್ಲಾ, ಹೊರಟು ಬಾ, ಆದ್ರೆ ಗೇಟಿನ ಹತ್ತಿರದ ಕೆಲಸಕ್ಕೆ. ಅಲೈನ್‌ಮೆಂಟ್ ಮಾತು ಖಲಾಸ್. ಅಲ್ಲ ಮಾರಾಯ, ನಿನ್ನ ಕೆಲಸದಲ್ಲಿ ಎಂತ ತಪ್ಪಿಲ್ಲ. ನೀನು ಬರೀ ಐವತ್ತೈದು ಕಿಲೋ."