ಗಿರಣಿಯಲ್ಲಿ ಹುಟ್ಟಿದ ಸಭೆ

ದೇವರ ಕೆಲಸದಲ್ಲಿ ನಗು ಬರಬಾರದೆಂದು ಎಲ್ಲೂ ಬರೆದಿಲ್ಲ. ಸತ್ಯವೇದವನ್ನು ನಾನೇ ಅಕ್ಷರ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದವಳು, ನೋಡಿಯೇ ಹೇಳುತ್ತಿದ್ದೇನೆ. ಬರೆದಿದ್ದರೂ ಅಜ್ಜಂಪುರದಲ್ಲಿ ಅದು ನಡೆಯುತ್ತಿರಲಿಲ್ಲ.

ಊರಿನ ಕ್ರೈಸ್ತರೆಂದರೆ ನಾವು ಹದಿನಾಲ್ಕು ಮನೆಯವರು. ನಮ್ಮ ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಜನರೇ ಓಟು ಹಾಕಿ ಮೂವರು ಹಿರಿಯರನ್ನು ಆರಿಸಿಕೊಂಡರೆ ಸ್ವಂತ ಸಭೆ. ಅಲ್ಲಿಯವರೆಗೆ ಮದುವೆಗೂ ಮಗುವಿನ ದೀಕ್ಷಾಸ್ನಾನಕ್ಕೂ ತರೀಕೆರೆ ಬಸ್ಸು ಹತ್ತಬೇಕು. ಸೀಟು ಸಿಗದೆ ನಿಂತುಕೊಂಡೇ ಹೋದ ಮದುಮಗಳೊಬ್ಬಳನ್ನು ನೋಡಿದ ದಿನ, ಊರಲ್ಲೇ ಸಭೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ.

೧. ಡಬ್ಬದ ಸಾಲು

ಮೊದಲು ಆರಾಧನೆ ನಡೆದದ್ದು ನನ್ನ ಹಿಟ್ಟಿನ ಗಿರಣಿಯಲ್ಲಿ. ಭಾನುವಾರ ಗಿರಣಿಗೆ ರಜೆ. ಆದರೆ ಬಾಗಿಲು ತೆರೆದು ಜನ ಕೂತಿದ್ದರೆ ಹೊರಗಿನವರಿಗೆ ಏನು ಗೊತ್ತಾಗಬೇಕು? ಹಿಂದಿನ ಬೀದಿಯ ಅಜ್ಜಿಯೊಬ್ಬರು ರಾಗಿ ಡಬ್ಬ ತಂದು ಗೋಡೆ ಪಕ್ಕ ಇಟ್ಟು, ಬೆಂಚಿನ ಮೇಲೆ ಕೂತರು. ಎಲ್ಲರೂ ಹಾಡಿಗೆ ಎದ್ದಾಗ ಎದ್ದರು, ಉಪದೇಶವನ್ನು ಪೂರ್ತಿ ಕೇಳಿದರು. ಕಡೂರಿನಿಂದ ಬರುತ್ತಿದ್ದ ನಮ್ಮ ಪಾದ್ರಿಗಳಿಗೆ ಹಿಗ್ಗೋ ಹಿಗ್ಗು. ಮುಗಿದ ಮೇಲೆ ಹತ್ತಿರ ಹೋಗಿ, ಏನಾದರೂ ಕೇಳುವುದಿದೆಯೇ ಅಮ್ಮ ಎಂದರು.

“ಇಷ್ಟೊತ್ತು ಚೆನ್ನಾಗಿ ಮಾತಾಡಿದೆ ಕಣಪ್ಪಾ,” ಎಂದರು ಅಜ್ಜಿ. “ಇನ್ನು ರಾಗಿ ಯಾವಾಗ ಬೀಸ್ತೀಯಾ?”

೨. ರಾಹುಕಾಲ

ಚರ್ಚು ಕಟ್ಟಲು ಗಿರಣಿ ಪಕ್ಕದ ಜಾಗ ನಾನು ಕೊಟ್ಟೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲ ಚೌಕಟ್ಟು ನಿಲ್ಲಿಸಬೇಕಿತ್ತು. ಸಿಂಗಟಗೆರೆಯ ಮೇಸ್ತ್ರಿ ಕರಣೆ ಕೆಳಗಿಟ್ಟ. ಒಂಬತ್ತರವರೆಗೆ ರಾಹುಕಾಲವಂತೆ. ನಮಗೆ ಎಲ್ಲ ಗಳಿಗೆಯೂ ಒಳ್ಳೆಯದೇ ಎಂದರು ಪಾದ್ರಿಗಳು.

“ನಿಮಗೆ ಒಳ್ಳೇದೇ ಸ್ವಾಮಿ. ಚೌಕಟ್ಟು ಹಿಡ್ಕೊಂಡು ಕೆಳಗೆ ನಿಲ್ಲೋನು ನಾನು.”

ಇಬ್ಬರೂ ಬಗ್ಗುವವರಲ್ಲ. ಹಾಗಾದರೆ ಮೊದಲು ಒಂದು ಸಣ್ಣ ಪ್ರಾರ್ಥನೆ ಮಾಡಿಬಿಡಿ ಎಂದೆ. ನಮ್ಮ ಪಾದ್ರಿಗಳ ಸಣ್ಣ ಪ್ರಾರ್ಥನೆ ಎಷ್ಟುದ್ದ ಎಂದು ನನಗೆ ಗೊತ್ತಿತ್ತು. ಅವರು ಆಮೆನ್ ಅನ್ನುವಾಗ ಒಂಬತ್ತು ದಾಟಿತ್ತು. ಮೇಸ್ತ್ರಿ ಕರಣೆ ಎತ್ತಿಕೊಂಡು, ನಿಮ್ಮ ದೇವರೂ ಪಂಚಾಂಗ ನೋಡ್ತಾನೆ ಬಿಡಿ, ಅಂದ.

೩. ಮೂವರು ಹಿರಿಯರು

ಕಡೆಗೆ ಓಟಿನ ದಿನ ಬಂತು. ಮೇಲಿನ ಸಮಿತಿಯಿಂದ ದೊಡ್ಡ ಪಾದ್ರಿ ಅಯ್ಯನವರು ಬಂದರು. ಬೇರೆ ಸೀಮೆಯವರು, ಮಾತು ಕಡಿಮೆ. ಚೀಟಿ ಬಿಡಿಸಿದರು. ಗೆದ್ದವರು ನಿವೃತ್ತ ಮೇಷ್ಟ್ರು, ಸೈಕಲ್ ಅಂಗಡಿಯವರು, ನಾನು. ಮೂವರೂ ಒಪ್ಪಬೇಕು. ಒಬ್ಬರು ತಪ್ಪಿದರೂ ಮತ್ತೆ ತರೀಕೆರೆ ಬಸ್ಸೇ ಗತಿ.

ಹಿರಿಯರಾಗಲು ಒಪ್ಪಿಗೆಯೇ ಎಂದು ಮೊದಲು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಅದಕ್ಕೆಂದೇ ಹೊಸ ಪಂಚೆ ಉಟ್ಟು ಬಂದಿದ್ದರು. ಆದರೂ ನಮ್ಮ ಕಡೆ ಕೇಳಿದ ಕೂಡಲೇ ಹೂಂ ಅನ್ನುವುದುಂಟೇ?

“ಅಯ್ಯೋ ಬೇಡಿ, ನನಗ್ಯಾಕೆ ಅದೆಲ್ಲ,” ಎನ್ನುತ್ತ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಅಯ್ಯನವರು ಹೆಸರಿನ ಮೇಲೆ ಗೀಟು ಹಾಕಿದರು. ಸೈಕಲ್ ಅಂಗಡಿಯವರೂ, ನನಗಿಂತ ದೊಡ್ಡವರಿದ್ದಾರೆ ಬಿಡಿ, ಎಂದರು. ಇನ್ನೊಂದು ಗೀಟು. ನನ್ನ ಹೆಸರಿನವರೆಗೆ ಬರಲೇ ಇಲ್ಲ, ಪುಸ್ತಕ ಮುಚ್ಚಿದರು. ಮೇಷ್ಟ್ರ ಮುಖ ಇದ್ದಿಲಾಯಿತು.

ನಾನು ಎದ್ದು ನಿಂತೆ. “ಅಯ್ಯನವರೇ, ನಮ್ಮೂರಲ್ಲಿ ಒಂದು ಲೋಟ ಕಾಫಿ ಕುಡಿಸ್ಬೇಕಾದ್ರೂ ಮೂರು ಸಲ ಕೇಳ್ತೀವಿ. ನೀವು ಒಂದೇ ಸಲಕ್ಕೆ ಸಭೇನೇ ಮುಚ್ಚಿಬಿಟ್ರಲ್ಲ.”

ಅವರು ಪುಸ್ತಕ ತೆರೆದರು. ಎರಡನೇ ಸಲ ಮೇಷ್ಟ್ರು, ವಯಸ್ಸಾಯಿತು ಅಂದರು. ಮೂರನೇ ಸಲಕ್ಕೆ, ನೀವು ಇಷ್ಟೊಂದು ಬಲವಂತ ಮಾಡಿದ ಮೇಲೆ ಇನ್ನೇನು, ಎಂದು ರುಜು ಹಾಕಿದರು. ಸೈಕಲ್ ಅಂಗಡಿಯವರೂ ಹಾಗೆಯೇ.

ಈಗ ನನ್ನ ಸರದಿ. ಇಷ್ಟು ವರ್ಷ ಓಡಾಡಿದವಳು ನಾನು, ನನಗೆ ನಾಚಿಕೆ ಎಲ್ಲಿಯದು? ಒಪ್ಪಿಗೆ ಎಂದೆ. ಅಯ್ಯನವರು ಬರೆದುಕೊಳ್ಳದೆ ಮತ್ತೆ ಕೇಳಿದರು. ಒಪ್ಪಿಗೆ ಎಂದೆ. ಪೆನ್ನು ಎತ್ತಿ ಹಿಡಿದು ಮೂರನೇ ಸಲ ಕೇಳಿದರು. ಮೂರನೇ ಸಲವೂ ಒಪ್ಪಿಗೆ ಎಂದೆ.

ಅವರು ಮೇಷ್ಟ್ರ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಇವರದ್ದು ಹೌದು ಅಂತ ಬರೀಲೋ, ಬೇಡ ಅಂತ ಬರೀಲೋ?”